ಎರರ್ 35 ಅನ್ನುತ್ತದೆ, ಎಡಿಟರ್ 17 ಅನ್ನುತ್ತದೆ: ಯಾವುದನ್ನು ನಂಬಲಿ?

ಪ್ರಶ್ನೆ: ನಾನು ಅನುವಾದದ ಕೆಲಸ ಮಾಡುತ್ತೇನೆ. ಒಂದು ಆ್ಯಪ್‌ನ ಕನ್ನಡ ಪದಗಳಿರುವ ಜೇಸನ್ ಫೈಲ್ (ಮಾಹಿತಿಯನ್ನು ಜೋಡಿ ಜೋಡಿಯಾಗಿ ಬರೆದಿಡುವ ಪಠ್ಯದ ಫೈಲ್) ನನ್ನ ಕೈಗೆ ಬರುತ್ತದೆ. ಸುಮಾರು 1,800 ಸಾಲು. ತಿದ್ದಿ ಕಳಿಸಿದ ಮೇಲೆ ಡೆವಲಪರ್ ಕಡೆಯಿಂದ "ಸಾಲು 412, ಕಾಲಂ 35ರಲ್ಲಿ ತಪ್ಪಿದೆ" ಎಂದು ಒಂದೇ ಸಾಲಿನ ಉತ್ತರ. ಮೌಸ್ ಉರುಳಿಸುತ್ತಾ 412ನ್ನು ಹುಡುಕಿಕೊಂಡು ಹೋದರೆ ಆ ಸಾಲಿನಲ್ಲಿ 35 ಅಕ್ಷರಗಳೇ ಇಲ್ಲ! ಎಡಿಟರ್ ಕೆಳಗೆ ತೋರಿಸುವ ಕಾಲಂ ಸಂಖ್ಯೆಯೇ ಬೇರೆ. ಇನ್ನು ಕೆಲವು ಸಲ ಅವರು ಹೇಳಿದ ಸಾಲು ಪೂರ್ತಿ ಸರಿಯಾಗಿಯೇ ಇರುತ್ತದೆ. ಒಂದು ತಪ್ಪು ತಿದ್ದಿದರೆ ಪಟ್ಟಿಯಲ್ಲಿರುವ ಉಳಿದ ಸಂಖ್ಯೆಗಳೆಲ್ಲ ಏರುಪೇರು. ಸಾಲಿನ ಸಂಖ್ಯೆ ಆನ್ ಮಾಡಿದರೆ ಅದೂ ಫೈಲ್‌ನೊಳಗೆ ಸೇರಿಕೊಳ್ಳುತ್ತದೆ, ಫೈಲ್ ನಿಧಾನವೂ ಆಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಆಫ್ ಮಾಡಿಟ್ಟಿದ್ದೇನೆ. ಕನ್ನಡ ಇರುವ ಫೈಲ್‌ಗಳಿಗೆ ಮಾತ್ರ ಹೀಗಾಗುತ್ತಾ? ತಪ್ಪು ನನ್ನದಾ, ಎಡಿಟರಿನದಾ?

ಉತ್ತರ: ನೀವು ಆ ಸಾಲನ್ನೂ ಕಳಿಸಿದ್ದು ಒಳ್ಳೆಯದಾಯಿತು. ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ.

"ಭಾಷೆ": "ಕನ್ನಡ" "ಲಿಪಿ": "ಕನ್ನಡ"

ತಪ್ಪು ಏನೆಂದು ಮೊದಲು ಹೇಳಿಬಿಡುತ್ತೇನೆ. ಮೊದಲ "ಕನ್ನಡ" ಆದ ಮೇಲೆ ಒಂದು ಅಲ್ಪವಿರಾಮ ಬೇಕಿತ್ತು, ಬಿಟ್ಟುಹೋಗಿದೆ. ಫೈಲ್ ಪರೀಕ್ಷಿಸಲು ಡೆವಲಪರ್ ಬಳಸುವ ಟೂಲ್ ಬೆರಳು ತೋರಿಸುತ್ತಿರುವುದು "ಲಿಪಿ" ಪದದ ಮುಂದಿನ ಉದ್ಧರಣ ಚಿಹ್ನೆಗೆ. ಆ ಚಿಹ್ನೆ ಎಷ್ಟನೆಯದು? ಇಲ್ಲೇ ಇರುವುದು ತಮಾಷೆ.

ಕಣ್ಣಿನಿಂದ ಅಕ್ಷರ ಎಣಿಸಿದರೆ ಅದು 13ನೆಯದು: ಭಾ, ಷೆ, ಕ, ನ್ನ, ಡ ಐದು, ಜೊತೆಗೆ ಚಿಹ್ನೆಗಳು ಮತ್ತು ಖಾಲಿ ಜಾಗ ಏಳು, ಅದರ ಮುಂದಿನದು ಇದು. ನಿಮ್ಮ ಎಡಿಟರ್ 17 ಅನ್ನುತ್ತದೆ. ಡೆವಲಪರ್ ಬಳಸುವ ಟೂಲ್ 35 ಅನ್ನುತ್ತದೆ. ಸೊನ್ನೆಯಿಂದ ಎಣಿಸುವ ಇನ್ನೊಂದು ಟೂಲ್ ಇದ್ದಿದ್ದರೆ 16 ಅನ್ನುತ್ತಿತ್ತು. ನಾಲ್ಕೂ ಸರಿ. ಒಂದೇ ಜಾಗವನ್ನು ನಾಲ್ಕು ಜನ ನಾಲ್ಕು ಅಳತೆಗೋಲಿನಿಂದ ಅಳೆದಿದ್ದಾರೆ, ಅಷ್ಟೇ.

ಎಡಿಟರ್ ಎಣಿಸುತ್ತಿರುವುದು ಕೋಡ್ ಪಾಯಿಂಟ್‌ಗಳನ್ನು, ಅಂದರೆ ಯುನಿಕೋಡ್ ಎಂಬ ಅಕ್ಷರಪಟ್ಟಿ ಒಂದೊಂದು ಸಂಖ್ಯೆ ಕೊಟ್ಟಿರುವ ತುಣುಕುಗಳನ್ನು. ಯುನಿಕೋಡ್‌ನಲ್ಲಿ "ಭಾ" ಒಂದು ತುಣುಕಲ್ಲ. "ಭ" ಒಂದು, ದೀರ್ಘದ ಗುರುತು ಇನ್ನೊಂದು. "ನ್ನ" ಮೂರು: ನ, ಅರ್ಧಾಕ್ಷರ ಮಾಡುವ ಗುರುತು, ಮತ್ತೆ ನ. ಹಾಗಾಗಿ "ಕನ್ನಡ" ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಐದು. "ಸ್ತ್ರೀ" ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಆರು. ನಂಬಿಕೆ ಬರದಿದ್ದರೆ "ನ್ನ" ಎಂದು ಟೈಪ್ ಮಾಡಿ ಒಂದೇ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ. ಸಾಮಾನ್ಯವಾಗಿ ಪೂರ್ತಿ ಅಳಿಸಿಹೋಗುವುದಿಲ್ಲ, "ನ್" ಉಳಿದುಕೊಳ್ಳುತ್ತದೆ.

ಡೆವಲಪರ್ ಟೂಲ್ ಎಣಿಸುತ್ತಿರುವುದು ಬೈಟ್‌ಗಳನ್ನು, ಅಂದರೆ ಫೈಲ್ ಹಿಡಿಯುವ ಜಾಗದ ಅಳತೆಯನ್ನು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಫೈಲ್ ಉಳಿಸಿದಾಗ ಇಂಗ್ಲಿಷ್ ಅಕ್ಷರ, ಅಂಕಿ, ಉದ್ಧರಣ ಚಿಹ್ನೆ ಇವೆಲ್ಲ ತಲಾ ಒಂದು ಬೈಟ್. ಕನ್ನಡದ ಪ್ರತಿ ಕೋಡ್ ಪಾಯಿಂಟ್ ಮೂರು ಬೈಟ್. ನಿಮ್ಮ ಸಾಲಿನಲ್ಲಿ ಆ ಜಾಗಕ್ಕೆ ಮುಂಚೆ ಒಂಬತ್ತು ಕನ್ನಡ ತುಣುಕುಗಳಿವೆ. ಒಂದೊಂದಕ್ಕೂ ಎರಡೆರಡು ಬೈಟ್ ಜಾಸ್ತಿ, ಒಟ್ಟು 18. 17ಕ್ಕೆ 18 ಸೇರಿಸಿ: 35. ಅಲ್ಲಿಗೆ ಲೆಕ್ಕ ಸರಿಹೋಯಿತು.

ಇಡೀ ಸಾಲಿನಲ್ಲಿ ಇರುವುದೇ 31 ಕೋಡ್ ಪಾಯಿಂಟ್. ಅದಕ್ಕೇ "35ಕ್ಕೆ ಹೋಗು" ಎಂದರೆ ಕರ್ಸರ್ ಸಾಲಿನ ಕೊನೆಗೆ ಹೋಗಿ ಸುಮ್ನೆ ನಿಂತುಬಿಡುತ್ತದೆ. ಇಷ್ಟು ಕಾಲಂ ಇಲ್ಲ ಎಂದು ಹೆಚ್ಚಿನ ಎಡಿಟರ್‌ಗಳು ದೂರುವುದಿಲ್ಲ. ಅಲ್ಲೇ ಎಲ್ಲೋ ತಪ್ಪಿರಬೇಕೆಂದು ನಾವು ಕೊನೆಯ ಉದ್ಧರಣ ಚಿಹ್ನೆಯನ್ನು ಕೆದಕುತ್ತಾ ಕೂರುತ್ತೇವೆ. ಹೇಳಿದ ಕಾಲಂ ಸಾಲಿಗಿಂತ ಉದ್ದ ಇದ್ದರೆ ಬೈಟ್ ಲೆಕ್ಕವೇ ಎಂದು ಅನುಮಾನಪಡಿ. ನನ್ನ ಅನುಭವದಲ್ಲಿ ಹತ್ತಿರಹತ್ತಿರ ಎಲ್ಲಾ ಸಲವೂ ಅದೇ ಆಗಿರುತ್ತದೆ.

ಕನ್ನಡಕ್ಕೆ ಮಾತ್ರ ಹೀಗಾ ಎಂದು ಕೇಳಿದ್ದೀರಿ. ಇಲ್ಲ. ಹಿಂದಿ, ತಮಿಳು, ಜಪಾನಿ, ಅರೇಬಿಕ್ ಯಾವುದಕ್ಕಾದರೂ ಇದೇ ಕಥೆ. ಬರೀ ಇಂಗ್ಲಿಷ್ ಇರುವ ಫೈಲ್‌ನಲ್ಲಿ ಬೈಟ್, ಕೋಡ್ ಪಾಯಿಂಟ್, ಕಣ್ಣಿಗೆ ಕಾಣುವ ಅಕ್ಷರ ಮೂರೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಬರೀ ಇಂಗ್ಲಿಷ್ ಫೈಲ್ ನೋಡಿದವರಿಗೆ ಈ ವ್ಯತ್ಯಾಸ ಕಣ್ಣಿಗೇ ಬಿದ್ದಿರುವುದಿಲ್ಲ. ನಿಮ್ಮ ಡೆವಲಪರ್ ಬೇಕೆಂದು ಸತಾಯಿಸುತ್ತಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಟೂಲ್ ಮಾಡುವವರಲ್ಲೂ ಒಮ್ಮತವಿಲ್ಲ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟೂಲ್‌ಗಳು ಕಾಲಂ ಎಂದರೆ ಬೈಟ್ ಎಂದೇ ಹೇಳುತ್ತವೆ. ಜಿಸಿಸಿ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಾಯಿಸುವ ಟೂಲ್) ಕೂಡ ಬೈಟ್ ಎಣಿಸುತ್ತಿತ್ತು. 2021ರಲ್ಲಿ ಬಂದ 11ನೇ ಆವೃತ್ತಿಯಿಂದ ಪರದೆಯ ಮೇಲಿನ ಅಗಲದ ಲೆಕ್ಕಕ್ಕೆ ಬದಲಾಯಿಸಿಕೊಂಡಿತು. ಎಡಿಟರ್‌ಗಳೂ ಭಾಷಾ ಸರ್ವರ್‌ಗಳೂ (ತಪ್ಪು ಹುಡುಕಿ ಎಡಿಟರಿಗೆ ತಿಳಿಸುವ ಪ್ರೋಗ್ರಾಂಗಳು) ಮಾತಾಡಿಕೊಳ್ಳುವ ಎಲ್‌ಎಸ್‌ಪಿ ಎಂಬ ಒಪ್ಪಂದವಿದೆ. ಅದರಲ್ಲಿ ಮೊದಲಿನಿಂದಲೂ ಯುಟಿಎಫ್-16 ಎಂಬ ಇನ್ನೊಂದು ಪದ್ಧತಿಯ ಲೆಕ್ಕ, ಅದೂ ಸೊನ್ನೆಯಿಂದ ಶುರು. ನಿಮ್ಮ 412ನೇ ಸಾಲು ಅಲ್ಲಿ 411. ಎಡಿಟರ್ ಅದನ್ನು ನಮಗೆ ತೋರಿಸುವಾಗ ಒಂದು ಕೂಡಿಸುತ್ತದೆ. ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಸಾಲು ಒಂದರಿಂದ, ಕಾಲಂ ಸೊನ್ನೆಯಿಂದ. ಪೈಥಾನ್‌ನ ಜೇಸನ್ ಎರರ್ ಇನ್ನೂ ಚೆನ್ನಾಗಿದೆ. ಅದು ಸಾಲು, ಕಾಲಂ ಕೊಟ್ಟು, ಪಕ್ಕದಲ್ಲಿ ಫೈಲ್‌ನ ಮೊದಲಿನಿಂದ ಎಷ್ಟನೇ ಅಕ್ಷರ ಎಂದೂ ಹೇಳುತ್ತದೆ. ಕಾಲಂ ಒಂದರಿಂದ, ಆ ಅಕ್ಷರದ ಲೆಕ್ಕ ಸೊನ್ನೆಯಿಂದ. ಒಂದೇ ವಾಕ್ಯದೊಳಗೆ ಎರಡು ಪದ್ಧತಿ!

ಕಣ್ಣಿಗೆ ಕಾಣದ ಇನ್ನೆರಡು ಸಂಗತಿಗಳಿವೆ. ಒಂದು ಟ್ಯಾಬ್. ಸಾಲಿನ ಶುರುವಿನಲ್ಲಿ ಒಂದು ಟ್ಯಾಬ್ ಇದ್ದರೆ ಕೆಲವು ಟೂಲ್ ಅದನ್ನು ಒಂದು ಅಂತ ಎಣಿಸುತ್ತವೆ, ಕೆಲವು ನಾಲ್ಕು ಅಥವಾ ಎಂಟು ಜಾಗ ಅಂತ. ಎರಡನೆಯದು ನಮ್ಮ ಭಾಷೆಗೆ ಹತ್ತಿರದ್ದು. "ಸಾಫ್ಟ್‌ವೇರ್" ಎಂದು ಸರಿಯಾಗಿ ಬರೆಯಬೇಕಾದರೆ "ಟ್" ಆದ ಮೇಲೆ ಕಾಣದ ಒಂದು ತುಣುಕು ಹಾಕಬೇಕು. ಇಲ್ಲದಿದ್ದರೆ "ವ" ಒತ್ತಾಗಿ ಕೆಳಗೆ ಹೋಗುತ್ತದೆ. ಅದರ ಹೆಸರು ಜೀರೊ ವಿಡ್ತ್ ನಾನ್ ಜಾಯಿನರ್. ಅಗಲ ಸೊನ್ನೆ, ಆದರೆ ಎಣಿಕೆಯಲ್ಲಿ ಒಂದು, ಬೈಟ್‌ನಲ್ಲಿ ಮೂರು. "ಸಾಫ್ಟ್‌ವೇರ್" ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ 11 ತುಣುಕು, 33 ಬೈಟ್. ಇಂಥ ನಾಲ್ಕು ಪದ ಇರುವ ಸಾಲಿನಲ್ಲಿ ಕಾಲಂ ಎಣಿಸುತ್ತೇನೆ ಎಂದು ಬೆರಳು ಮಡಚಬೇಡಿ.

ಅಲ್ಲಿಗೆ ಕಾಲಂ ವಿಷಯ ಆಯಿತು. ನಾನು ಮಾಡುವುದು ಇಷ್ಟು: ಸಾಲಿನ ಸಂಖ್ಯೆಯನ್ನು ನಂಬುತ್ತೇನೆ, ಕಾಲಂ ಸಂಖ್ಯೆಯನ್ನು ಸುಳಿವು ಅಂದುಕೊಳ್ಳುತ್ತೇನೆ.

ಆದರೆ ಸಾಲಿನ ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬಲಾಗದು. ನಿಮ್ಮ ಸಹೋದ್ಯೋಗಿ ಹೇಳಿದ ಮಾತಿಗೆ ಬರುತ್ತೇನೆ. ಎಡಿಟರ್ ಪಕ್ಕದಲ್ಲಿ ತೋರಿಸುವ ಸಂಖ್ಯೆ ಫೈಲ್‌ನೊಳಗೆ ಇರುವುದಿಲ್ಲ. ಆನ್ ಮಾಡಿದರೂ ಸೇರುವುದಿಲ್ಲ. ಫೈಲ್‌ನಲ್ಲಿರುವುದು ಬರೀ ಅಕ್ಷರಗಳು, ನಡುನಡುವೆ ಸಾಲು ಮುರಿಯುವ ಗುರುತುಗಳು. ಎಡಿಟರ್ ಆ ಗುರುತುಗಳನ್ನು ಎಣಿಸಿ ಅಂಚಿನಲ್ಲಿ ಸಂಖ್ಯೆ ಬರೆದು ತೋರಿಸುತ್ತದೆ.

ಸಹೋದ್ಯೋಗಿಯ ಮಾತಿಗೆ ಬುಡವೇ ಇಲ್ಲ ಎಂದೂ ಹೇಳಲಾರೆ. ಒಂದು ಕಾಲದಲ್ಲಿ ಸಂಖ್ಯೆ ನಿಜವಾಗಿಯೂ ಬರಹದ ಭಾಗವಾಗಿತ್ತು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಹುಟ್ಟುಹಾಕಿದ ಬೇಸಿಕ್ ಭಾಷೆಯಲ್ಲಿ ಪ್ರತಿ ಸಾಲಿನ ಮುಂದೆ ಸಂಖ್ಯೆ ಟೈಪ್ ಮಾಡಬೇಕಿತ್ತು. ಜನ 10, 20, 30 ಎಂದು ಬಿಡಿಸಿ ಬಿಡಿಸಿ ಕೊಡುತ್ತಿದ್ದರು, ಮುಂದೆ ನಡುವೆ 15 ಸೇರಿಸಬೇಕಾದರೆ ಜಾಗ ಇರಲಿ ಎಂದು. ಅದಕ್ಕೂ ಹಿಂದೆ ಫೋರ್ಟ್ರಾನ್ ಭಾಷೆಯ ಪ್ರೋಗ್ರಾಂಗಳನ್ನು ತೂತು ಹೊಡೆದು ಬರೆಯುತ್ತಿದ್ದ ಕಾರ್ಡ್‌ಗಳಲ್ಲಿ 73ರಿಂದ 80ರವರೆಗಿನ ಕಾಲಂಗಳನ್ನು ಕಂಪೈಲರ್ ನೋಡುತ್ತಲೇ ಇರಲಿಲ್ಲ. ಅಲ್ಲಿ ಕ್ರಮಸಂಖ್ಯೆ ತೂತು ಹೊಡೆಯುತ್ತಿದ್ದರು. ಕಾರ್ಡ್‌ಗಳ ಕಟ್ಟು ಕೈಜಾರಿ ನೆಲದ ಮೇಲೆ ಹರಡಿದರೆ ಮತ್ತೆ ಜೋಡಿಸಿಕೊಳ್ಳಲು ಅದೇ ಗತಿ.

ಈಗಲೂ ಸಂಖ್ಯೆ ಫೈಲ್‌ನೊಳಗೆ ನುಸುಳುವ ದಾರಿ ಒಂದಿದೆ: ಕಾಪಿ ಪೇಸ್ಟ್. ಪಿಡಿಎಫ್‌ನಿಂದಲೋ ಯಾವುದೋ ಪುಟದಿಂದಲೋ ಕಾಪಿ ಮಾಡಿದಾಗ ಪಕ್ಕದ ಸಂಖ್ಯೆಗಳೂ ಜೊತೆಗೆ ಬಂದುಬಿಡುವುದುಂಟು. ಅದಕ್ಕೆ ನಿಮ್ಮ ಎಡಿಟರ್ ಹೊಣೆಯಲ್ಲ.

ನಿಧಾನವಾಗುತ್ತದೆ ಎಂಬುದನ್ನು ಮರೆತುಬಿಡಿ. 1,800 ಸಾಲು ಯಾವ ಎಡಿಟರಿಗೂ ಲೆಕ್ಕವೇ ಅಲ್ಲ. ನಿಜಕ್ಕೂ ತಿಣುಕುವಂತೆ ಮಾಡುವುದು ಇಡೀ ಫೈಲನ್ನು ಒಂದೇ ಸಾಲಿನಲ್ಲಿ ಹಿಸುಕಿಟ್ಟಾಗ. ಆಗ ಸಾಲಿನ ಸಂಖ್ಯೆಗೂ ಅರ್ಥ ಉಳಿಯುವುದಿಲ್ಲ, ಎಲ್ಲ ತಪ್ಪೂ ಸಾಲು 1ರಲ್ಲೇ.

ಸಂಖ್ಯೆ ಆ ಕ್ಷಣದ ಎಣಿಕೆ ಎಂದು ಒಪ್ಪಿಕೊಂಡರೆ ನಿಮ್ಮ ಏರುಪೇರಿನ ತೊಂದರೆ ಅರ್ಥವಾಗುತ್ತದೆ. 412ರಲ್ಲಿ ಒಂದು ಸಾಲು ಸೇರಿಸಿದಿರಿ. ಪಟ್ಟಿಯಲ್ಲಿ 530 ಎಂದಿದ್ದದ್ದು ಈಗ 531. ಪಟ್ಟಿ ಹಳೆಯದಾಯಿತು. ಇದಕ್ಕೆ ಮದ್ದು ಬಲು ಸುಲಭ: ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ತಿದ್ದುತ್ತಾ ಬನ್ನಿ. ಕೆಳಗೆ ಏನು ಸೇರಿಸಿದರೂ ಅಳಿಸಿದರೂ ಮೇಲಿನ ಸಂಖ್ಯೆಗಳು ಅಲುಗಾಡುವುದಿಲ್ಲ.

ಇದರಲ್ಲೂ ಒಂದು ಅಪಾಯವಿದೆ. ಜೇಸನ್‌ನಂಥ ಫೈಲ್‌ನಲ್ಲಿ ಮೇಲೆ ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೆ ಕೆಳಗಿನ ಹತ್ತು ತಪ್ಪುಗಳು ಅದರ ಮಕ್ಕಳು ಮರಿಗಳೇ ಆಗಿರಬಹುದು. ಪಟ್ಟಿ ಉದ್ದಕ್ಕಿದ್ದು ಎಲ್ಲವೂ ಒಂದೇ ಥರ ಕಂಡರೆ ಮೊದಲನೆಯದನ್ನು ಮಾತ್ರ ತಿದ್ದಿ, ಮತ್ತೆ ಪರೀಕ್ಷೆ ಮಾಡಿಸಿ. ಬೇರೆಬೇರೆ ಥರದ ತಪ್ಪುಗಳಾದರೆ ಕೆಳಗಿನಿಂದ ಮೇಲೆ ಬನ್ನಿ.

"ಹೇಳಿದ ಸಾಲು ಪೂರ್ತಿ ಸರಿಯಾಗಿಯೇ ಇರುತ್ತದೆ" ಎಂದಿರಿ. ಟೂಲ್ ತೋರಿಸುವುದು ತಪ್ಪು ಆದ ಜಾಗವನ್ನಲ್ಲ, ತನಗೆ ಅದು ಗೊತ್ತಾದ ಜಾಗವನ್ನು. 529ರ ಕೊನೆಯಲ್ಲಿ ಅಲ್ಪವಿರಾಮ ಇಲ್ಲ ಅಂದುಕೊಳ್ಳಿ. ಮುಂದಿನ ಸಾಲಿನಲ್ಲಿ ಇದ್ದರೂ ಇರಬಹುದು ಎಂದು ಟೂಲ್ 530ಕ್ಕೆ ಇಳಿಯುತ್ತದೆ. ಅಲ್ಲಿ ಹೊಸ ಪದ ಎದುರಾದಾಗ ಕೂಗುತ್ತದೆ. ಹಾಗಾಗಿ ಹೇಳಿದ ಸಾಲಿನಲ್ಲಿ ಏನೂ ಕಾಣದಿದ್ದರೆ ಅದರ ಮೇಲಿನ ಸಾಲಿನ ಬಾಲ ನೋಡಿ. ಖಾಲಿ ಸಾಲಿದ್ದರೆ ಇನ್ನೂ ಮೇಲೆ.

ಅದೂ ಸರಿಯಿದ್ದರೆ ಕೇಳಬೇಕಾದದ್ದು ಬೇರೆ: ಅವರು ತೆರೆದಿರುವುದೂ ನೀವು ತೆರೆದಿರುವುದೂ ಒಂದೇ ಫೈಲಾ? ಉಳಿಸುವಾಗ ತಾನಾಗಿಯೇ ಸಾಲು ಒಪ್ಪ ಮಾಡುವ ಸೌಲಭ್ಯ ಅವರ ಎಡಿಟರ್‌ನಲ್ಲಿದ್ದರೆ ನಿಮ್ಮ ಮೂರು ಸಾಲು ಅಲ್ಲಿ ಐದಾಗಿರುತ್ತದೆ. ಯಾರೋ ನಡುವೆ ಎರಡು ಪದ ಸೇರಿಸಿರುತ್ತಾರೆ. ಅಪರೂಪಕ್ಕೆ ಇನ್ನೊಂದು ಕಾರಣವೂ ಇರುತ್ತದೆ. ಬೇರೆ ಕಡೆಯಿಂದ ಪೇಸ್ಟ್ ಮಾಡಿದ ಪಠ್ಯದ ಜೊತೆ ಯುನಿಕೋಡ್‌ನ ವಿಶೇಷ ಸಾಲುಮುರಿತದ ಗುರುತು ಬಂದಿರುತ್ತದೆ. ಅದನ್ನು ಒಂದು ಟೂಲ್ ಸಾಲು ಎಂದು ಎಣಿಸುತ್ತದೆ, ಇನ್ನೊಂದು ಎಣಿಸುವುದಿಲ್ಲ. ಅಂಥದ್ದು ಕಂಡರೆ ವಿಎಸ್ ಕೋಡ್ ಎಂಬ ಎಡಿಟರ್ ಎಚ್ಚರಿಸುತ್ತದೆ. ತೆಗೆದುಹಾಕಲು ಒಪ್ಪಿಕೊಳ್ಳಿ.

ಈಗ ಮೌಸ್ ಉರುಳಿಸುವ ಕಷ್ಟ. ಇಷ್ಟು ದಿನ 412ರವರೆಗೂ ಉರುಳಿಸಿಕೊಂಡು ಹೋದಿರಲ್ಲ, ನಿಮ್ಮ ತಾಳ್ಮೆ ದೊಡ್ಡದು! ವಿಂಡೋಸ್‌ನ ಹೆಚ್ಚಿನ ಎಡಿಟರ್‌ಗಳಲ್ಲಿ ಕಂಟ್ರೋಲ್ ಹಿಡಿದು ಜಿ ಒತ್ತಿದರೆ ಎಷ್ಟನೇ ಸಾಲು ಎಂದು ಕೇಳುವ ಪೆಟ್ಟಿಗೆ ಬರುತ್ತದೆ. ವಿಎಸ್ ಕೋಡ್‌ನಲ್ಲಿ ಮ್ಯಾಕ್‌ನಲ್ಲೂ ಅದೇ ಕೀಲಿ. ಅಲ್ಲಿ 412:17 ಎಂದು ಹೊಡೆದರೆ ಸಾಲು, ಕಾಲಂ ಎರಡೂ ಒಟ್ಟಿಗೆ. ನೋಟ್‌ಪ್ಯಾಡ್++ನಲ್ಲಿ ಅದೇ ಪೆಟ್ಟಿಗೆಯಲ್ಲಿ ಸಾಲು ಬೇಕಾ, ಫೈಲ್‌ನ ಮೊದಲಿನಿಂದ ಎಣಿಸಿದ ಸ್ಥಾನ ಬೇಕಾ ಎಂದು ಆರಿಸಬಹುದು. ನ್ಯಾನೊ ಎಂಬ ಎಡಿಟರ್‌ನಲ್ಲಿ ಆಲ್ಟ್ ಮತ್ತು ಜಿ, ಆಮೇಲೆ 412,17. ಅಲ್ಲಿ ಕಂಟ್ರೋಲ್ ಸಿ ಒತ್ತಿದರೆ ಈಗ ಎಲ್ಲಿದ್ದೀರಿ ಎಂದು ಹೇಳುತ್ತದೆ.

ವಿಮ್ ಎಂಬ ಎಡಿಟರ್ ಬಳಸುವವರು :412 ಎಂದು ಎಂಟರ್ ಒತ್ತುತ್ತಾರೆ. ಈ ಅಭ್ಯಾಸದ ಬೇರು ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1969ರ ಹೊತ್ತಿಗೆ ಬರೆದ ಇಡಿ ಎಂಬ ಎಡಿಟರ್‌ನಲ್ಲಿದೆ. ಅದರಲ್ಲಿ ಪರದೆಯ ಮೇಲೆ ಕರ್ಸರ್ ಓಡಾಡಿಸುವ ಮಾತೇ ಇರಲಿಲ್ಲ, ಸಾಲಿನ ಸಂಖ್ಯೆಯೇ ಕೈ ಕಾಲು. ವಿಮ್‌ನ ಒಂದು ಗುಣ ನಿಮ್ಮಂಥವರಿಗೆ ಬಹಳ ಉಪಯೋಗ. ಬೈಟ್ ಲೆಕ್ಕಕ್ಕೂ ಪರದೆಯ ಲೆಕ್ಕಕ್ಕೂ ವ್ಯತ್ಯಾಸ ಇದ್ದರೆ ಅದು ಕೆಳಗಿನ ಪಟ್ಟಿಯಲ್ಲಿ ಎರಡನ್ನೂ ನಡುವೆ ಅಡ್ಡಗೆರೆ ಹಾಕಿ ತೋರಿಸುತ್ತದೆ. ಮೊದಲನೆಯದು ಬೈಟ್. ನಿಮ್ಮ ಸಾಲನ್ನು ವಿಮ್‌ನಲ್ಲಿ ತೆರೆದು ಆ ಉದ್ಧರಣ ಚಿಹ್ನೆಯ ಮೇಲೆ ನಿಂತರೆ 35 ಕಾಣಿಸುತ್ತದೆ. ಇದಕ್ಕೋಸ್ಕರ ವಿಮ್ ಕಲಿಯಿರಿ ಎಂದು ಹೇಳುತ್ತಿಲ್ಲ. ಡೆವಲಪರ್‌ಗೆ ಗೊತ್ತಿದ್ದರೆ ಅವರಿಗೆ ತೋರಿಸಲು ಹೇಳಿ.

ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಸಾಲಿಗೆ ಹೋಗುವ ಆಯ್ಕೆ ಮಂಕಾಗಿ, ಒತ್ತಲಾಗದಂತೆ ಕಾಣುವುದುಂಟು. ವರ್ಡ್ ರ್‍ಯಾಪ್ ಆನ್ ಇದ್ದರೆ ಹಾಗೆ. ರ್‍ಯಾಪ್ ಮಾಡಿದಾಗ ಒಂದು ಉದ್ದ ಸಾಲು ಪರದೆಯ ಮೇಲೆ ಮೂರು ಸಾಲಾಗಿ ಮಡಚಿಕೊಂಡರೂ ಎಣಿಕೆಯಲ್ಲಿ ಅದು ಒಂದೇ. ಅಂಚಿನ ಸಂಖ್ಯೆ ಆಫ್ ಇಟ್ಟುಕೊಂಡು ಕಣ್ಣಿನಿಂದ ಎಣಿಸುವವರು ಎಡವುವುದು ಇಲ್ಲೇ. ದಯವಿಟ್ಟು ಸಂಖ್ಯೆ ಆನ್ ಮಾಡಿ.

ಹೋದ ಮೇಲೆ ವಾಪಸ್ ಬರುವುದೂ ಗೊತ್ತಿರಬೇಕು. 900ರಲ್ಲಿ ಅನುವಾದ ಮಾಡುತ್ತಿದ್ದಾಗ 412 ನೋಡಲು ಹೋಗಿ, ಮತ್ತೆ ಎಲ್ಲಿದ್ದೆ ಎಂದು ಹುಡುಕುವುದು ದೊಡ್ಡ ಕಿರಿಕಿರಿ. ವಿಂಡೋಸ್‌ನ ವಿಎಸ್ ಕೋಡ್‌ನಲ್ಲಿ ಆಲ್ಟ್ ಮತ್ತು ಎಡ ಬಾಣ, ವಿಮ್‌ನಲ್ಲಿ ಕಂಟ್ರೋಲ್ ಓ, ಹಿಂದಿನ ಜಾಗಕ್ಕೆ ತಂದು ಬಿಡುತ್ತವೆ. ಬುಕ್‌ಮಾರ್ಕ್ ಇಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಮೇಲೆ ಸಾಲು ಸೇರಿಸಿದರೂ ಬುಕ್‌ಮಾರ್ಕ್ ತನ್ನ ಪಠ್ಯದ ಜೊತೆಗೇ ಸರಿಯುತ್ತದೆ.

ಸಂಖ್ಯೆ ಬಿಟ್ಟು ಪದವನ್ನೇ ಹುಡುಕಿದರೆ? ನನಗೂ ಅದೇ ಜಾಸ್ತಿ ಇಷ್ಟ. ಸಾಲು ಎಲ್ಲಿಗೆ ಸರಿದರೂ "ಲಿಪಿ" ಎಂಬ ಪದ ಸಿಗುತ್ತದೆ. ತೊಡಕು ಎರಡು. ಅದೇ ಪದ ಐವತ್ತು ಕಡೆ ಇದ್ದರೆ ಪ್ರಯೋಜನವಿಲ್ಲ. ಇನ್ನೊಂದು, ಆ ಕಾಣದ ತುಣುಕು. ಫೈಲ್‌ನ "ಸಾಫ್ಟ್‌ವೇರ್"ನಲ್ಲಿ ಅದಿದ್ದು ನೀವು ಹುಡುಕುವಾಗ ಹಾಕದಿದ್ದರೆ "ಸಿಗಲಿಲ್ಲ" ಎಂದು ಉತ್ತರ ಬರುವುದೇ ಹೆಚ್ಚು. ಆಗ ಪದದ ಶುರುವಿನ ಎರಡು ಅಕ್ಷರ ಮಾತ್ರ ಕೊಟ್ಟು ಹುಡುಕಿ.

ನಾನೇ ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ಸೆಟ್ಟಿಂಗ್ಸ್ ಫೈಲ್ ಒಂದರ 57ನೇ ಸಾಲು ಅಳಿಸಬೇಕಿತ್ತು. ಎಡಿಟರ್ ತೆರೆಯುವ ಸೋಮಾರಿತನಕ್ಕೆ "57ನ್ನು ಅಳಿಸು" ಎಂಬ ಕಮಾಂಡ್ ಕೊಟ್ಟೆ. ಪರದೆಯ ಮೇಲೆ ಏನೂ ಬರಲಿಲ್ಲ. ಆಗಲಿಲ್ಲವೇನೋ ಎಂದು ಮತ್ತೊಮ್ಮೆ ಕೊಟ್ಟೆ. ಮೊದಲ ಸಲವೇ ಆಗಿತ್ತು. ಎರಡನೇ ಸಲ ಹೋದದ್ದು ಮೊದಲು 58 ಆಗಿದ್ದ, ಬಹಳ ಬೇಕಾಗಿದ್ದ ಸಾಲು. ಅದು ಗೊತ್ತಾಗಿದ್ದು ಮಾರನೇ ದಿನ. ಅಂದಿನಿಂದ ಸಂಖ್ಯೆ ಹೇಳಿ ಅಳಿಸುವ ಮೊದಲು ಆ ಸಾಲಿನಲ್ಲಿ ಏನಿದೆ ಎಂದು ಓದುತ್ತೇನೆ. ನೀವೂ 412ಕ್ಕೆ ಹೋದ ಕೂಡಲೇ ಕೈ ಹಾಕಬೇಡಿ, ಇದೇ ಸಾಲು ತಾನೇ ಎಂದು ಒಮ್ಮೆ ನೋಡಿ.

ಉಳಿದದ್ದು ಡೆವಲಪರ್ ಜೊತೆಗಿನ ಮಾತು. ಅವರ ಟೂಲ್ ಬದಲಾಯಿಸಿ ಎನ್ನಬೇಕಿಲ್ಲ. ಈ ಒಂದು ಸಂದೇಶ ಕಳಿಸಿ ಸಾಕು:

"412ರ ತಪ್ಪು ಸರಿ ಮಾಡಿದ್ದೇನೆ, 'ಲಿಪಿ' ಮುಂಚೆ ಅಲ್ಪವಿರಾಮ ಬಿಟ್ಟುಹೋಗಿತ್ತು. ನಿಮ್ಮ ಟೂಲ್ ಕಾಲಂ ಎಂದು ಬೈಟ್ ಲೆಕ್ಕ ಕೊಡುತ್ತಿರುವಂತಿದೆ, ಕನ್ನಡ ಇರುವ ಸಾಲಿನಲ್ಲಿ ಅದು ನನ್ನ ಎಡಿಟರ್‌ಗೆ ಹೊಂದುವುದಿಲ್ಲ. ಮುಂದಿನ ಸಲ ಸಂಖ್ಯೆಯ ಜೊತೆಗೆ ಆ ಸಾಲನ್ನೂ, ತಪ್ಪಿರುವ ಜಾಗದ ಅಕ್ಕಪಕ್ಕದ ಎರಡು ಪದವನ್ನೂ ಕಾಪಿ ಮಾಡಿ ಕಳಿಸಿ. ಯಾವ ದಿನದ ಫೈಲ್ ಅಂತಲೂ ತಿಳಿಸಿ."